16 ಹಳೇ ಲ್ಯಾಬ್ ಪಿಸಿಗಳ ಕ್ಲಸ್ಟರ್: ಮಳೆಗಾಲದಲ್ಲಿ ಕರೆಂಟ್ ಹೋದರೂ ಲೆಕ್ಕ ಮುಂದುವರಿಯಬೇಕಾದರೆ ಎಂತ ಮಾಡಬೇಕು?

ಕಟಪಾಡಿ_ಲ್ಯಾಬ್

ಉಡುಪಿ ಕಡೆಯ ಒಂದು ಕಾಲೇಜಿನ ಲ್ಯಾಬಿನಿಂದ ತೆಗೆದ 16 ಪಿಸಿಗಳು ಉಂಟು. ಒಂದೊಂದರಲ್ಲಿ 4 ಕೋರಿನ ಐ5 ಪ್ರೊಸೆಸರ್, 8 ಜಿಬಿ ಮೆಮೊರಿ, 500 ಜಿಬಿ ಹಾರ್ಡ್‌ಡಿಸ್ಕ್. ಗಿಗಾಬಿಟ್ ಸ್ವಿಚ್ ಒಂದು. ಇವನ್ನೆಲ್ಲ ಜೋಡಿಸಿ ಒಟ್ಟಿಗೆ ದುಡಿಯುವ ಕ್ಲಸ್ಟರ್ ಮಾಡಬೇಕು, ಒಂದೊಂದು ಯಂತ್ರ ಒಂದು ನೋಡ್. ಎಲ್ಲವನ್ನೂ ನಡೆಸುವ ಹೆಡ್ ನೋಡ್ ಆಗಿ ಬೇರೊಂದು ಯಂತ್ರ ಉಂಟು, ಎಲ್ಲರೂ ಹಂಚಿಕೊಳ್ಳುವ ಫೈಲ್ ಜಾಗ ಎನ್‌ಎಫ್‌ಎಸ್ ಕೂಡ ಅದರಲ್ಲೇ.

ಓಡಿಸಬೇಕಾದ ಕೆಲಸ ಎರಡು. ಒಂದು, ಕರಾವಳಿ ಮತ್ತು ಘಟ್ಟದ ಮಳೆಗೆ ಡಬ್ಲ್ಯೂಆರ್‌ಎಫ್ ಎಂಬ ಹವಾಮಾನ ಮಾಡೆಲ್, 3 ಕಿ.ಮೀ. ಗ್ರಿಡ್, 200×200 ಬಿಂದು. ಇನ್ನೊಂದು, ಉಳ್ಳಾಲದ ಕಡಲ್ಕೊರೆತಕ್ಕಾಗಿ ಬರೆದ ಅಲೆ ಮತ್ತು ಮರಳಿನ ಚಲನೆಯ ಎಂಪಿಐ ಕೋಡ್ (ಎಂಪಿಐ ಅಂದರೆ ಹಲವು ಯಂತ್ರಗಳ ಪ್ರಕ್ರಿಯೆಗಳು ಒಂದಕ್ಕೊಂದು ಸಂದೇಶ ಕಳಿಸುತ್ತಾ ಒಂದೇ ಲೆಕ್ಕ ಮಾಡುವ ವಿಧಾನ). ಇದು 16 ಯಂತ್ರಗಳನ್ನೂ ಒಟ್ಟಿಗೆ ಬಳಸುತ್ತದೆ, ಪ್ರತಿ ಯಂತ್ರದಲ್ಲಿ ಸುಮಾರು 2 ಜಿಬಿ ಡೇಟಾ ಇಟ್ಟುಕೊಳ್ಳುತ್ತದೆ, ಒಂದು ಓಟಕ್ಕೆ ಮೂರು ದಿನ ಬೇಕು. ಮಳೆಗಾಲದ ಲಾಗ್ ನೋಡಿದರೆ ಸರಾಸರಿ 10 ಗಂಟೆಗೊಮ್ಮೆ ಕರೆಂಟ್ ಕೈಕೊಡುತ್ತದೆ. ಯುಪಿಎಸ್ ಈಗ ಹೆಡ್ ನೋಡಿಗೆ ಮಾತ್ರ ಉಂಟು.

ಕೆಲಸಗಳನ್ನು ಯಂತ್ರಗಳಿಗೆ ಹಂಚಲು ಕುಬರ್ನೆಟಿಸ್ ಹಾಕಬೇಕಾ, ಸರದಿ ನೋಡಿಕೊಳ್ಳುವ ಸ್ಲರ್ಮ್ ಸಾಕಾ? ಎಲ್ಲ ನೋಡುಗಳಿಗೂ ಯುಪಿಎಸ್ ತೆಗೆದುಕೊಳ್ಳಬೇಕಾ? ಅಥವಾ ಇದೆಲ್ಲ ಬಿಟ್ಟು ಕ್ಲೌಡಿಗೆ ಹೋಗುವುದೇ ಒಳ್ಳೆಯದಾ?

ಸುರತ್ಕಲ್_ನೋಡ್

ಮೊದಲು ಆ ಎರಡು ಕೆಲಸಗಳನ್ನು ಬೇರೆ ಮಾಡಿ. ಅವು ಒಂದೇ ಜಾತಿಯವಲ್ಲ.

ನಿಮ್ಮ ಯಂತ್ರಗಳು ಕಡಿಮೆಯವೇನಲ್ಲ. 1994ರಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಕಟ್ಟಿದ ಮೊದಲ ಬಿಯೊವುಲ್ಫ್ (ಸಾಮಾನ್ಯ ಪಿಸಿಗಳ) ಕ್ಲಸ್ಟರಿನಲ್ಲೂ 16 ಯಂತ್ರಗಳೇ ಇದ್ದದ್ದು. 486 ಡಿಎಕ್ಸ್4 ಪ್ರೊಸೆಸರ್, 10 ಮೆಗಾಬಿಟ್ ಈಥರ್ನೆಟ್. ಅವರನ್ನು ಕಟ್ಟಿಹಾಕಿದ್ದು ನೆಟ್‌ವರ್ಕ್, ನಿಮ್ಮನ್ನು ಕಟ್ಟಿಹಾಕುವುದೂ ಅದೇ. ಗಿಗಾಬಿಟ್ ಈಥರ್ನೆಟ್ ಮೇಲೆ ಟಿಸಿಪಿಯಲ್ಲಿ ಒಂದು ಸಣ್ಣ ಸಂದೇಶ ತಲುಪಲು ಹತ್ತಾರು ಮೈಕ್ರೋಸೆಕೆಂಡ್ ಬೇಕು, ಸೂಪರ್‌ಕಂಪ್ಯೂಟರುಗಳಲ್ಲಿ ಬಳಸುವ ಇನ್ಫಿನಿಬ್ಯಾಂಡಿನಲ್ಲಿ ಒಂದೆರಡು ಸಾಕು. ಡಬ್ಲ್ಯೂಆರ್‌ಎಫ್ ಗ್ರಿಡ್ಡನ್ನು ಕೋರಿಗೊಂದರಂತೆ ತುಂಡು ಮಾಡಿ, ಪ್ರತಿ ಟೈಮ್ ಸ್ಟೆಪ್ಪಿನಲ್ಲೂ ಅಕ್ಕಪಕ್ಕದ ತುಂಡುಗಳ ಅಂಚನ್ನು ಹಲವು ಸಲ ಅದಲುಬದಲು ಮಾಡುತ್ತದೆ. ತುಂಡು ಸಣ್ಣದಾದಷ್ಟು ಲೆಕ್ಕ ಕಡಿಮೆ, ಮಾತುಕತೆ ಜಾಸ್ತಿ. ಒಂದು ತುಂಡು ಸುಮಾರು 25×25 ಬಿಂದುಗಳಿಗಿಂತ ಸಣ್ಣದಾಗಬಾರದು ಎಂಬುದು ಡಬ್ಲ್ಯೂಆರ್‌ಎಫ್ ಬಳಸುವವರ ರೂಢಿಯ ಲೆಕ್ಕ. 200×200 ಅಂದರೆ 64 ತುಂಡು, ನಿಮ್ಮ 64 ಕೋರಿಗೆ ಸರಿಯಾಗಿ ಅಂಚಿನಲ್ಲೇ ನಿಂತಿದೆ. ಗಿಗಾಬಿಟ್ಟಿನಲ್ಲಿ ಈ ಅಂಚಿಗೆ ಹೋಗಬಾರದು.

ಇದರ ಜೊತೆ 1967ರ ಅಮ್ಡಾಲ್ ನಿಯಮವನ್ನೂ ನೋಡಿ: ಹಂಚಲಾಗದ ಭಾಗವೇ ಒಟ್ಟು ವೇಗಕ್ಕೆ ಮಿತಿ ಹಾಕುತ್ತದೆ. ಕೋಡಿನ 5% ಭಾಗ ಮಾತ್ರ ಹಂಚಲಾಗದ್ದು ಎಂದಿಟ್ಟುಕೊಂಡರೂ 16 ಕೋರಿಗೆ ಸಿಗುವ ವೇಗ 9.1 ಪಟ್ಟು, 64 ಕೋರಿಗೆ 15.4 ಪಟ್ಟು. ನಾಲ್ಕು ಪಟ್ಟು ಕೋರ್ ಕೊಟ್ಟರೆ ಸಿಗುವುದು 1.7 ಪಟ್ಟು.

ಹಾಗಾಗಿ ಮಳೆ ಮಾಡೆಲನ್ನು 64 ಕೋರಿನ ಒಂದೇ ಓಟವಾಗಿ ಓಡಿಸಬೇಡಿ. ಆರಂಭದ ಸ್ಥಿತಿಯನ್ನು ಅಥವಾ ಮೋಡದ ಭೌತಶಾಸ್ತ್ರದ ಆಯ್ಕೆಯನ್ನು ಸ್ವಲ್ಪ ಸ್ವಲ್ಪ ಬದಲಿಸಿ 16 ಸದಸ್ಯರ ಸಮೂಹ ಮಾಡಿ, ಒಬ್ಬ ಸದಸ್ಯನಿಗೆ ಒಂದು ಯಂತ್ರ. ಲೆಕ್ಕ ನಡೆಯುವಾಗ ನೆಟ್‌ವರ್ಕ್ ಬಳಕೆ ಸೊನ್ನೆ. ಒಂದು ಯಂತ್ರ ಬಿದ್ದರೆ ಒಬ್ಬ ಸದಸ್ಯ ಮಾತ್ರ ಹೋದ, ಉಳಿದ 15 ಜನ ಓಡುತ್ತಿರುತ್ತಾರೆ. ಘಟ್ಟದ ಮಳೆಯಲ್ಲಿ ಒಂದೇ ಮುನ್ಸೂಚನೆಗಿಂತ 16ರ ಹರಡುವಿಕೆಯೇ ಹೆಚ್ಚು ವಿಷಯ ಹೇಳುತ್ತದೆ. ಎಂಪಿಐಗೆ ಒಟ್ಟಿಗೆ 16 ಯಂತ್ರ ನಿಜವಾಗಿ ಬೇಕಾಗಿರುವುದು ಕಡಲ್ಕೊರೆತದ ಕೋಡಿಗೆ ಮಾತ್ರ.

ಬಂದರು_ಬೈಟ್

ಕುಬರ್ನೆಟಿಸ್ ಬೇಡ, ಕಾರಣ ಹೇಳುತ್ತೇನೆ. ಸದಾ ಎಚ್ಚರವಿರುವ ಸೇವೆಗಳಿಗಾಗಿ ಕಟ್ಟಿದ ವ್ಯವಸ್ಥೆ ಅದು. ಗೂಗಲ್ 2014ರಲ್ಲಿ ಹೊರಬಿಟ್ಟದ್ದು, ಹಿಂದೆ ಇದ್ದದ್ದು ಬೋರ್ಗ್ ಎಂಬ ಅವರ ಒಳಗಿನ ವ್ಯವಸ್ಥೆಯ ಅನುಭವ. ಅದರ ಮೂಲ ಶೆಡ್ಯೂಲರ್ ಪಾಡ್‌ಗಳನ್ನು (ಕೆಲಸದ ತುಣುಕುಗಳನ್ನು) ಒಂದೊಂದಾಗಿ ಕೂರಿಸುತ್ತದೆ. ಎಂಪಿಐ ಕೆಲಸಕ್ಕೆ ಎಲ್ಲ ಪ್ರಕ್ರಿಯೆಗಳೂ ಒಟ್ಟಿಗೇ ಏಳಬೇಕು. 16 ಯಂತ್ರ ಬೇಕಾದ ಎರಡು ಕೆಲಸ ಒಟ್ಟಿಗೆ ಬಂದರೆ ಒಂದು 9 ಹಿಡಿದುಕೊಳ್ಳುತ್ತದೆ, ಇನ್ನೊಂದು 7 ಹಿಡಿದುಕೊಳ್ಳುತ್ತದೆ, ಎರಡೂ ಪೂರ್ತಿಯಾಗದೆ ಒಂದನ್ನೊಂದು ಕಾಯುತ್ತಾ ಕೂರುತ್ತವೆ. ಇದನ್ನು ಸರಿಮಾಡಲು ವೊಲ್ಕ್ಯಾನೊ, ಕ್ಯೂ ಮುಂತಾದ ಸೇರ್ಪಡೆಗಳಿವೆ. ಆದರೆ 16 ಯಂತ್ರಕ್ಕೆ ಅಷ್ಟು ಕಟ್ಟುವುದು, ಅದನ್ನು ಸಾಕುವುದು ವ್ಯರ್ಥ ಮಾರಾಯ್ರೆ. ಸ್ಲರ್ಮ್ ಹುಟ್ಟಿದಾಗಿನಿಂದಲೂ ಮಾಡುತ್ತಿರುವುದು ಇದೇ ಕೆಲಸವನ್ನು.

ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಲೈಬ್ರರಿಗಳ ಜೊತೆ ಕಟ್ಟಿಡುವ ಕಂಟೇನರ್ ಬೇಕಿದ್ದರೆ ಆಪ್‌ಟೈನರ್ ಬಳಸಿ, ಮೊದಲು ಸಿಂಗ್ಯುಲ್ಯಾರಿಟಿ ಅಂತಿದ್ದದ್ದು. ಬಳಕೆದಾರರಿಗೆ ರೂಟ್ ಅಧಿಕಾರ ಬೇಡ. ಒಂದು ತೊಂದರೆ ಮಾತ್ರ ಬಂದೇ ಬರುತ್ತದೆ: 64 ಪ್ರಕ್ರಿಯೆ ಓಡಿಸಿದಾಗ 64 ಸಲವೂ "ಒಟ್ಟು 1ರಲ್ಲಿ ನಾನು 0ನೆಯವನು" ಅಂತ ಮುದ್ರಿಸುತ್ತದೆ. ಅಂದರೆ 64 ಪ್ರತ್ಯೇಕ ಓಟಗಳು ನಡೆದಿವೆ, ಎಲ್ಲವೂ ಒಂದೇ ಫೈಲಿನ ಮೇಲೆ ಬರೆಯುತ್ತಿವೆ. ಕಂಟೇನರಿನ ಒಳಗಿನ ಎಂಪಿಐಗೂ ಸ್ಲರ್ಮಿಗೂ ಕೈಕುಲುಕುವ ಭಾಷೆ ಹೊಂದಿಲ್ಲ. ಸ್ಲರ್ಮಿನ ಓಡಿಸುವ ಆಜ್ಞೆ ಎಸ್‌ರನ್‌ಗೆ, ಆ ಭಾಷೆಯಾಗಿ ಪಿಎಂಐಎಕ್ಸ್ ಬಳಸು ಎಂದು ಹೇಳಿ, ಎರಡೂ ಕಡೆಯ ಆವೃತ್ತಿ ಹೊಂದಿಸಿ.

ಕಟಪಾಡಿ_ಲ್ಯಾಬ್

ಸರಿ, ಸ್ಲರ್ಮ್ ಎಂದು ಗಟ್ಟಿ ಮಾಡಿದೆ. ಪ್ರಯೋಗಕ್ಕೆ ಎರಡು ನೋಡ್ ಹಾಕಿ ನೋಡಿದಾಗ ಎಂಪಿಐ ಶುರುವಾಗಿ ಸುಮ್ಮನೆ ನೇತಾಡುತ್ತದೆ, ದೋಷವೂ ತೋರಿಸುವುದಿಲ್ಲ. ಪಿಂಗ್ ಸರಿ ಉಂಟು, ಎಸ್‌ಎಸ್‌ಎಚ್ ಸರಿ ಉಂಟು.

ಬಂದರು_ಬೈಟ್

ಲ್ಯಾಬ್ ಪಿಸಿ ಅಂದಮೇಲೆ ಯಾರೋ ವರ್ಚುವಲ್ ಮೆಷಿನ್ ಅಥವಾ ಡಾಕರ್ ಹಾಕಿರುತ್ತಾರೆ. ಅದು ಪ್ರತಿ ಯಂತ್ರದಲ್ಲೂ ಒಂದು ನಕಲಿ ಬ್ರಿಡ್ಜ್ ಇಂಟರ್‌ಫೇಸ್ ಬಿಟ್ಟಿರುತ್ತದೆ, ಎಲ್ಲ ಯಂತ್ರದಲ್ಲೂ ಅದೇ ಐಪಿ. ಓಪನ್ ಎಂಪಿಐ ಅದನ್ನೂ ದಾರಿ ಎಂದು ನಂಬಿ ಪಕ್ಕದ ಯಂತ್ರಕ್ಕೆ ಕಳಿಸಬೇಕಾದ್ದನ್ನು ತನಗೇ ಕಳಿಸಿಕೊಂಡು ಕಾಯುತ್ತದೆ. ಟಿಸಿಪಿ ಯಾವ ಇಂಟರ್‌ಫೇಸ್ ಮೇಲೆ ಹೋಗಬೇಕೆಂದು ಹೇಳುವ ಆಯ್ಕೆಯಲ್ಲಿ ನಿಜವಾದ ಈಥರ್ನೆಟ್ಟಿನ ಹೆಸರನ್ನೋ ಸಬ್‌ನೆಟ್ಟನ್ನೋ ಕೊಡಿ. ಫೈರ್‌ವಾಲನ್ನೂ ಒಳ ನೆಟ್‌ವರ್ಕಿಗೆ ತೆರೆದಿಡಿ, ಎಂಪಿಐ ತನಗೆ ಬೇಕಾದ ಪೋರ್ಟ್ ಸಂಖ್ಯೆ ತಾನೇ ಆರಿಸಿಕೊಳ್ಳುತ್ತದೆ.

ಮುಂಗಾರು_ಮಾಡೆಲ್

ಯುಪಿಎಸ್ ವಿಷಯಕ್ಕೆ ಬರುತ್ತೇನೆ, ಈ ಚರ್ಚೆಯ ಮುಖ್ಯ ಪ್ರಶ್ನೆ ಅದೇ. ದುಡ್ಡು ತೆಗೆಯುವ ಮೊದಲು ಲೆಕ್ಕ ಹಾಕಿ.

ಮೂರು ದಿನದ ಓಟ, 10 ಗಂಟೆಗೊಮ್ಮೆ ವಿಘ್ನ. ನಡುನಡುವೆ ಲೆಕ್ಕದ ಸ್ಥಿತಿ ಉಳಿಸಿಡುವ ಚೆಕ್‌ಪಾಯಿಂಟ್ ಇಲ್ಲದಿದ್ದರೆ ಆ ಓಟ ಮಳೆಗಾಲದಲ್ಲಿ ಮುಗಿಯುವುದೇ ಇಲ್ಲ. ಚೆಕ್‌ಪಾಯಿಂಟ್ ಎಷ್ಟು ಹೊತ್ತಿಗೊಮ್ಮೆ ಬರೆಯಬೇಕು ಎಂಬುದಕ್ಕೆ 1974ರಲ್ಲೇ ಜಾನ್ ಯಂಗ್ ಸೂತ್ರ ಕೊಟ್ಟಿದ್ದಾರೆ, 2006ರಲ್ಲಿ ಜಾನ್ ಡೇಲಿ ಅದನ್ನು ಇನ್ನಷ್ಟು ಸೂಕ್ಷ್ಮ ಮಾಡಿದರು. ಒಂದು ಚೆಕ್‌ಪಾಯಿಂಟ್ ಬರೆಯಲು ಹಿಡಿಯುವ ಸಮಯವನ್ನು ಎರಡು ವಿಘ್ನಗಳ ನಡುವಿನ ಸರಾಸರಿ ಸಮಯದಿಂದ ಗುಣಿಸಿ, ಅದರ ಎರಡರಷ್ಟು ಮಾಡಿ, ವರ್ಗಮೂಲ ತೆಗೆಯಿರಿ. ಅಷ್ಟು ಹೊತ್ತಿಗೊಮ್ಮೆ ಬರೆಯಬೇಕು.

ಈಗ ನಿಮ್ಮ ಅಂಕಿ. 16 ಯಂತ್ರ, ತಲಾ 2 ಜಿಬಿ, ಒಟ್ಟು 32 ಜಿಬಿ. ಎಲ್ಲವೂ ಹೆಡ್ ನೋಡಿನ ಒಂದೇ ಗಿಗಾಬಿಟ್ ತಂತಿಯಲ್ಲಿ ನುಗ್ಗಬೇಕು, ಸೆಕೆಂಡಿಗೆ ಹೆಚ್ಚೆಂದರೆ 117 ಎಂಬಿ. ಅಂದರೆ 270 ಸೆಕೆಂಡಿಗೂ ಮೇಲೆ, 5 ನಿಮಿಷ ಎಂದಿಟ್ಟುಕೊಳ್ಳಿ. ವಿಘ್ನದ ಅಂತರ 600 ನಿಮಿಷ. 2×5×600 ಅಂದರೆ 6000, ವರ್ಗಮೂಲ 77 ನಿಮಿಷ. ಬರೆಯಲು ವ್ಯಯವಾಗುವುದು 6.5%, ವಿಘ್ನವಾದಾಗ ಸರಾಸರಿ ಅರ್ಧ ಅವಧಿಯ ಕೆಲಸ ಹೋಗುವುದರಿಂದ ಇನ್ನೊಂದು 6.4%. ಒಟ್ಟು ಸುಮಾರು 13% ನಷ್ಟ.

ಅದೇ ಚೆಕ್‌ಪಾಯಿಂಟನ್ನು ಪ್ರತಿ ಯಂತ್ರ ತನ್ನ ಸ್ವಂತ ಡಿಸ್ಕಿಗೆ ಬರೆದರೆ? 2 ಜಿಬಿ, ಸೆಕೆಂಡಿಗೆ 100 ಎಂಬಿ, 20 ಸೆಕೆಂಡು. ಆಗ ಅಂತರ 20 ನಿಮಿಷ, ಒಟ್ಟು ನಷ್ಟ 3.3%. ಯುಪಿಎಸ್ ಒಂದನ್ನೂ ಕೊಳ್ಳದೆ 13ರಿಂದ 3.3ಕ್ಕೆ ಇಳಿಯಿತು. ವಿಘ್ನದ ನಂತರ ಎಲ್ಲ ಎದ್ದು ನಿಲ್ಲಲು 15 ನಿಮಿಷ ಹಿಡಿದರೆ ಇನ್ನೊಂದು 2.5% ಸೇರಿಸಿ, ಅಷ್ಟೇ. ಮಾರ್ಚ್ ತಿಂಗಳಲ್ಲಿ ವಿಘ್ನದ ಅಂತರ 90 ಗಂಟೆಗೆ ಹೋದರೆ ಅದೇ ಸೂತ್ರದಲ್ಲಿ ಗಂಟೆಗೊಮ್ಮೆ ಬರೆದರೆ ಸಾಕು. ಅಂತರ ಎಷ್ಟೆಂದು ಊಹಿಸಬೇಡಿ, ರೀಬೂಟ್ ದಾಖಲೆಯಿಂದ ತಿಂಗಳಿಗೊಮ್ಮೆ ಲೆಕ್ಕ ತೆಗೆಯಿರಿ.

ಸ್ವಂತ ಡಿಸ್ಕೇ ಸತ್ತರೆ ಎಂತ ಮಾಡುವುದು? ಅದಕ್ಕೆ ಉತ್ತರ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಎಸ್‌ಸಿಆರ್ ಎಂಬ ಕೆಲಸದಲ್ಲಿದೆ, 2010ರ ಪ್ರಬಂಧ. ಹಂತ ಹಂತದ ಚೆಕ್‌ಪಾಯಿಂಟ್ ಎನ್ನುತ್ತಾರೆ. ಪದೇ ಪದೇ ಬರುವ ಸಣ್ಣ ವಿಘ್ನಕ್ಕೆ ಸ್ವಂತ ಡಿಸ್ಕ್ ಸಾಕು, ಒಂದು ನೋಡ್ ಹೋಗುವುದಕ್ಕೆ ಪಕ್ಕದ ನೋಡಿನಲ್ಲಿ ಒಂದು ಪ್ರತಿ, ಅಪರೂಪದ ದೊಡ್ಡ ಅನಾಹುತಕ್ಕೆ ಮಾತ್ರ ಎನ್‌ಎಫ್‌ಎಸ್‌ಗೆ. ನಿಮ್ಮಲ್ಲಿ 20 ನಿಮಿಷಕ್ಕೊಮ್ಮೆ ಸ್ವಂತ ಡಿಸ್ಕ್, 6 ಗಂಟೆಗೊಮ್ಮೆ ಎನ್‌ಎಫ್‌ಎಸ್.

ಬರೆಯುವ ಕ್ರಮ ತಪ್ಪಿದರೆ ಇದೆಲ್ಲ ನೀರಿನಲ್ಲಿ ಹೋಮ. ಹಳೆಯ ಚೆಕ್‌ಪಾಯಿಂಟಿನ ಮೇಲೆಯೇ ಬರೆಯುತ್ತಿರುವಾಗ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ತಾತ್ಕಾಲಿಕ ಹೆಸರಿನಲ್ಲಿ ಬರೆಯಿರಿ, ಡೇಟಾವನ್ನು ಡಿಸ್ಕಿಗೇ ಇಳಿಸುವ ಎಫ್‌ಸಿಂಕ್ ಕರೆಯಿರಿ, ಆಮೇಲೆ ಹೆಸರು ಬದಲಿಸಿ, ಡೈರೆಕ್ಟರಿಯ ಮೇಲೂ ಎಫ್‌ಸಿಂಕ್ ಕರೆಯಿರಿ. ಎಫ್‌ಸಿಂಕ್ ಬಿಟ್ಟರೆ "ಬರೆದಾಯಿತು" ಎಂದು ಬಂದರೂ ಡೇಟಾ ಇನ್ನೂ ಮೆಮೊರಿಯಲ್ಲೇ ಇರುತ್ತದೆ. ಫೈಲ್ ಹೆಸರು ಸರಿ ಇರುತ್ತದೆ, ಗಾತ್ರ ಸೊನ್ನೆ. ಮತ್ತೆ, 16 ಯಂತ್ರಗಳೂ ಒಂದೇ ಹೆಜ್ಜೆಯ ಚೆಕ್‌ಪಾಯಿಂಟ್ ಮುಗಿಸಿವೆ ಎಂದು ಖಾತ್ರಿಯಾಗುವವರೆಗೆ ಹಿಂದಿನದನ್ನು ಅಳಿಸಬೇಡಿ. 15ರಲ್ಲಿ ಹೊಸ ಹೆಜ್ಜೆ, ಒಂದರಲ್ಲಿ ಹಳೇ ಹೆಜ್ಜೆ ಇದ್ದರೆ ಆ ಓಟ ಹೋಯಿತೆಂದೇ ಲೆಕ್ಕ.

ಕಟಪಾಡಿ_ಲ್ಯಾಬ್

ಇದು ನಮ್ಮದೇ ಕೋಡಿಗೆ ಆಯ್ತು. ಡಬ್ಲ್ಯೂಆರ್‌ಎಫ್‌ಗೂ 20 ಎಂದೇ ಕೊಡಬಹುದಾ?

ಮುಂಗಾರು_ಮಾಡೆಲ್

ಜಾಗ್ರತೆ. ಅದರ ರೀಸ್ಟಾರ್ಟ್ ಇಂಟರ್ವಲ್ ನಿಮಿಷದಲ್ಲಿರುವುದು ಹೌದು, ಆದರೆ ಅದು ಮಾಡೆಲಿನೊಳಗಿನ ನಿಮಿಷ, ಗೋಡೆ ಗಡಿಯಾರದ್ದಲ್ಲ. ಒಂದು ನಿಜ ನಿಮಿಷಕ್ಕೆ ಮಾಡೆಲ್ 3 ನಿಮಿಷ ಮುಂದೆ ಹೋಗುತ್ತಿದ್ದರೆ 60 ಎಂದು ಕೊಡಬೇಕು. ಆ ವೇಗವನ್ನು ಡಬ್ಲ್ಯೂಆರ್‌ಎಫ್ ಬರೆಯುವ ಆರ್‌ಎಸ್‌ಎಲ್ ಲಾಗಿನಿಂದ ಅಳೆಯಿರಿ.

ಸದಸ್ಯನಿಗೊಂದು ಯಂತ್ರ ಅಂತಾದರೆ ಸಾಮಾನ್ಯ ರೀಸ್ಟಾರ್ಟ್ ಫೈಲೇ ಸಾಕು. ಹಲವು ಯಂತ್ರದಲ್ಲಿ ಓಡಿಸುತ್ತಾ ಪ್ರತಿ ಪ್ರಕ್ರಿಯೆ ತನ್ನ ತುಂಡನ್ನು ತಾನೇ ಬರೆಯುವ 102 ಎಂಬ ವಿಧಾನ ಬಳಸಿದರೆ, ಮರಳಿ ಶುರು ಮಾಡುವಾಗ ಅಷ್ಟೇ ಪ್ರಕ್ರಿಯೆ, ಅದೇ ಹಂಚಿಕೆ ಬೇಕು. ಸ್ವಂತ ಡಿಸ್ಕಿನಲ್ಲಿದ್ದರೆ ಅದೇ ಪ್ರಕ್ರಿಯೆ ಅದೇ ಯಂತ್ರಕ್ಕೇ ಬರಬೇಕು.

3 ಕಿ.ಮೀ.ಗೆ ಟೈಮ್ ಸ್ಟೆಪ್ 18 ಸೆಕೆಂಡ್ ಎಂಬುದು ಗ್ರಿಡ್ಡಿನ ಕಿ.ಮೀ.ಯ ಆರು ಪಟ್ಟು ಸೆಕೆಂಡ್ ಎಂಬ ರೂಢಿ. ಘಟ್ಟದ ಕಡಿದಾದ ಇಳಿಜಾರಿನಲ್ಲಿ ಅದು ನಿಲ್ಲದಿರಬಹುದು. ಲಾಗಿನಲ್ಲಿ ಸಿಎಫ್‌ಎಲ್ (ಟೈಮ್ ಸ್ಟೆಪ್ ತೀರಾ ದೊಡ್ಡದಾಯಿತೆಂಬ ಎಚ್ಚರಿಕೆ) ಎಂಬ ಪದ ಸಾಲುಸಾಲಾಗಿ ಕಂಡರೆ 15ಕ್ಕೆ, ಮತ್ತೆ 12ಕ್ಕೆ ಇಳಿಸಿ. ಒಂದೂ ಹೆಜ್ಜೆ ಹೋಗದೆ ಸೆಗ್ಮೆಂಟೇಶನ್ ಫಾಲ್ಟ್ ಬಂದರೆ ಮೊದಲು ಸ್ಟ್ಯಾಕ್ ಮಿತಿ ತೆಗೆದು ನೋಡಿ.

ಮುರಕಲ್ಲು

ಸೂತ್ರ ಒಪ್ಪಿದೆ, ಆದರೆ ಕರೆಂಟಿನ ತೊಂದರೆ ಬರೀ ಲೆಕ್ಕ ನಿಲ್ಲುವುದಲ್ಲ. ಏಪ್ರಿಲ್-ಮೇ ಮತ್ತು ಅಕ್ಟೋಬರದ ಸಿಡಿಲು, ವೋಲ್ಟೇಜಿನ ಏರಿಳಿತ ಎರಡೂ ಪವರ್ ಸಪ್ಲೈಯನ್ನೇ ಕೊಲ್ಲುತ್ತವೆ. ಆ ದುಡ್ಡನ್ನು ದೊಡ್ಡ ಬ್ಯಾಟರಿಗೆ ಹಾಕಬೇಡಿ, ಸ್ಟೆಬಿಲೈಸರ್, ಡಿಬಿ ಬಾಕ್ಸಿನಲ್ಲಿ ಸರ್ಜ್ ಪ್ರೊಟೆಕ್ಟರ್ ಮತ್ತು ಅರ್ತಿಂಗಿಗೆ ಹಾಕಿ. ಯುಪಿಎಸ್ ಹೆಡ್ ನೋಡಿಗೆ ಮತ್ತು ಸ್ವಿಚ್ಚಿಗೆ ಇರಲಿ. ಸ್ವಿಚ್ ಮರೆಯಬೇಡಿ.

ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗ್ ಕೆಡುತ್ತದೆ. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಅರ್ತ್ ಗುಂಡಿಗೆ ನೀರು ಹಾಕಿ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ವೋಲ್ಟೇಜ್ ಅಳೆಯಿರಿ. ಒಂದೆರಡು ವೋಲ್ಟಿಗಿಂತ ಮೇಲೆ ಹೋದರೆ ಇಲೆಕ್ಟ್ರಿಷಿಯನ್ನನ್ನು ಕರೆಯಿರಿ. ಇನ್ನೊಂದು ಕಟ್ಟಡಕ್ಕೆ ನೆಟ್‌ವರ್ಕ್ ಎಳೆಯುವುದಾದರೆ ತಾಮ್ರದ ತಂತಿ ಬೇಡವೇ ಬೇಡ, ಫೈಬರ್ ಹಾಕಿ. ಸಿಡಿಲಿನ ಸರ್ಜ್ ತಾಮ್ರದಲ್ಲೇ ಸ್ವಿಚ್ಚಿನೊಳಗೆ ಬರುತ್ತದೆ.

ಶಾಖದ ಲೆಕ್ಕ: ತಲಾ 120 ವ್ಯಾಟ್ ಹಿಡಿದರೆ 1.92 ಕಿಲೋವ್ಯಾಟ್, ದಿನಕ್ಕೆ 46 ಯೂನಿಟ್. ಒಂದು ಟನ್ ಎಸಿ 3.5 ಕಿಲೋವ್ಯಾಟ್ ಶಾಖ ಎಳೆಯುತ್ತದೆ. ಬಿಸಿಲು ಬೀಳುವ ಗೋಡೆ ಇದ್ದರೆ ಒಂದೂವರೆ ಟನ್ ಇರಲಿ. ಎಸಿಯನ್ನು 18ಕ್ಕೆ ಇಡಬೇಡಿ. ಜುಲೈನಲ್ಲಿ ಹೊರಗಿನ ಗಾಳಿಯ ಇಬ್ಬನಿ ಬಿಂದು 24 ಡಿಗ್ರಿ ಆಸುಪಾಸು ಇರುತ್ತದೆ. ಅದಕ್ಕಿಂತ ತಣ್ಣಗಿರುವ ಲೋಹದ ಮೇಲೆ, ಬಾಗಿಲು ತೆರೆದ ಕೂಡಲೇ ನೀರು ಕೂರುತ್ತದೆ. 26ಕ್ಕೆ ಇಟ್ಟರೆ ಸಾಕು. 27ರವರೆಗೆ ಯಂತ್ರಗಳಿಗೆ ಏನೂ ತೊಂದರೆ ಇಲ್ಲ.

ಕೆಲಸ ಇಲ್ಲದಾಗಲೂ ಮಳೆಗಾಲದಲ್ಲಿ ವಾರಗಟ್ಟಲೆ ಆರಿಸಿ ಇಡಬೇಡಿ. ಆರಿದ ಯಂತ್ರ ತೇವ ಹಿಡಿಯುತ್ತದೆ, ಕಡಲಿನ ಉಪ್ಪು ಸೇರಿ ಮೆಮೊರಿ ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಂಕು ಕಲೆ ಬರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಕೂರಿಸಿ. ಮರಳು ಕಾಗದ ಮುಟ್ಟಿಸಬೇಡಿ, ಲೇಪನ ಹೋದರೆ ಮತ್ತೆ ಬೇಗ ತುಕ್ಕು ಹಿಡಿಯುತ್ತದೆ.

ಕಟಪಾಡಿ_ಲ್ಯಾಬ್

ಮೂರು ನೋಡುಗಳು ಕರೆಂಟ್ ಹೋಗಿ ಬಂದ ಮೇಲೆ ಸ್ಲರ್ಮಿಗೆ ಸೇರುವುದೇ ಇಲ್ಲ. ನೋಡುಗಳ ಗುರುತು ಖಾತ್ರಿ ಮಾಡುವ ಮಂಜ್ ದೃಢೀಕರಣ ದೋಷ ಎನ್ನುತ್ತದೆ. ಕೀಲಿ ಫೈಲ್ ಎಲ್ಲ ಕಡೆ ಒಂದೇ ಉಂಟು, ತಾಳೆ ನೋಡಿದ್ದೇನೆ.

ಸುರತ್ಕಲ್_ನೋಡ್

ಆ ಮೂರರಲ್ಲಿ ದಿನಾಂಕ ನೋಡಿ. ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್ ಸತ್ತಿರುತ್ತದೆ. ಕರೆಂಟ್ ಹೋದ ಕೂಡಲೇ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಮಂಜ್ ಕೊಡುವ ಗುರುತಿನ ಆಯುಸ್ಸು ಸಾಮಾನ್ಯವಾಗಿ 300 ಸೆಕೆಂಡು, ಗಡಿಯಾರ ಅದಕ್ಕಿಂತ ಹೆಚ್ಚು ತಪ್ಪಿದ್ದರೆ ಕೀಲಿ ಸರಿ ಇದ್ದರೂ ಒಪ್ಪುವುದಿಲ್ಲ. 16ರಲ್ಲೂ ಸೆಲ್ ಬದಲಿಸಿ, ಮೂರರಲ್ಲಿ ಮಾತ್ರ ಅಲ್ಲ, ಉಳಿದವೂ ಅದೇ ವಯಸ್ಸಿನವು. ಹೆಡ್ ನೋಡನ್ನು ಕ್ರೋನಿಯ ಸಮಯ ಸರ್ವರ್ ಮಾಡಿ, ಬೂಟಿನಲ್ಲಿ ಗಡಿಯಾರ ಒಂದೇ ಸಲ ಜಿಗಿದು ಸರಿಯಾಗುವಂತೆ ಇಡಿ, ಸಮಯ ಕೂಡಿಕೊಂಡ ಮೇಲೆಯೇ ಮಂಜ್, ಆಮೇಲೆ ಸ್ಲರ್ಮ್ ಡೀಮನ್ ಏಳಲಿ.

ಅದಾದ ಮೇಲೂ ನೋಡ್ "ಡೌನ್" ಎಂದೇ ಕೂತಿದ್ದರೆ ಸ್ಲರ್ಮಿನ ರಿಟರ್ನ್‌ಟುಸರ್ವಿಸ್ ಬೆಲೆ 2 ಮಾಡಿ. 0 ಅಥವಾ 1 ಇದ್ದರೆ ಅನಿರೀಕ್ಷಿತವಾಗಿ ರೀಬೂಟ್ ಆದ ನೋಡನ್ನು ಕೈಯಲ್ಲೇ ಎಬ್ಬಿಸಬೇಕಾಗುತ್ತದೆ.

ಇಷ್ಟರಲ್ಲೇ ಸರದಿಯ ವಿಷಯವೂ ಹೇಳಿಬಿಡುತ್ತೇನೆ. ಸ್ಲರ್ಮಿನ ಬ್ಯಾಕ್‌ಫಿಲ್ ಎಂಬುದು 1995ರ ಸುಮಾರಿಗೆ ಆರ್ಗಾನ್ ಪ್ರಯೋಗಾಲಯದಲ್ಲಿ ಬೆಳೆದ ಉಪಾಯ. ಮುಂದಿನ ದೊಡ್ಡ ಕೆಲಸವನ್ನು ತಡಮಾಡದೆ ನಡುವಿನ ಖಾಲಿ ಜಾಗಕ್ಕೆ ಸಣ್ಣ ಕೆಲಸ ತುಂಬುವುದು. 10 ಯಂತ್ರ ಇನ್ನು 4 ಗಂಟೆ ಬಿಜಿ, 16 ಬೇಕಾದ ಕಡಲ್ಕೊರೆತದ ಓಟ ಕಾಯುತ್ತಿದೆ ಎನ್ನಿ. 6 ಯಂತ್ರ ಖಾಲಿ. 3 ಗಂಟೆಯ ಮಳೆ ಸದಸ್ಯರನ್ನು ಅಲ್ಲಿ ಕೂರಿಸಬಹುದು. ಆದರೆ ಹುಡುಗರು ಯೋಚಿಸದೆ 24 ಗಂಟೆ ಎಂದು ಸಮಯ ಬರೆದರೆ ಸ್ಲರ್ಮ್ ಕೂರಿಸುವುದಿಲ್ಲ, 6 ಯಂತ್ರ 4 ಗಂಟೆ ಸುಮ್ಮನೆ. 24 ಯಂತ್ರ-ಗಂಟೆ ಹಾಳು, ಒಂದು ತಪ್ಪು ಅಂಕಿಯಿಂದ. ಪೂರ್ವನಿಯೋಜಿತ ಸಮಯವನ್ನು ಬೇಕೆಂದೇ 1 ಗಂಟೆಗೆ ಇಳಿಸಿ. ಹೆಚ್ಚು ಬೇಕಾದವರು ಲೆಕ್ಕ ಮಾಡಿ ಬರೆಯಲಿ.

ಪಣಂಬೂರು_ಗ್ರಿಡ್

ಉಳಿದ ಲ್ಯಾಬಿನ ಪಿಸಿಗಳು ಸಂಜೆ ಐದರಿಂದ ಬೆಳಗ್ಗಿನವರೆಗೆ ಖಾಲಿ ಅಲ್ವಾ? ಮಳೆ ಸಮೂಹಕ್ಕೆ ಅವನ್ನೂ ಸೇರಿಸಬಹುದು. ಎಚ್‌ಟಿಕಾಂಡರ್ ಹುಟ್ಟಿದ್ದೇ ಇದಕ್ಕೆ. 1980ರ ದಶಕದ ಕೊನೆಗೆ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ, ಕೂತವರಿಲ್ಲದ ಯಂತ್ರಗಳನ್ನು ದುಡಿಸಲು ಮಾಡಿದ್ದು. ಕೀಬೋರ್ಡ್ ಮುಟ್ಟದೆ 15 ನಿಮಿಷವಾದರೆ ಕೆಲಸ ಶುರು, ವಿದ್ಯಾರ್ಥಿ ಬಂದು ಮೌಸ್ ಅಲ್ಲಾಡಿಸಿದರೆ ತಡೆ, ಇನ್ನೂ ಕೂತಿದ್ದರೆ ಕೆಲಸ ಬೇರೆ ಯಂತ್ರಕ್ಕೆ. ಹಾಗಾಗಿ ಒಂದೊಂದು ತುಣುಕು ಒಂದೆರಡು ಗಂಟೆಯಷ್ಟಿರಲಿ.

ಲ್ಯಾಬ್ ಪಿಸಿಯ ಮೆಮೊರಿಗೆ ತಪ್ಪು ಹಿಡಿದು ತಿದ್ದುವ ಇಸಿಸಿ ಇಲ್ಲ, ತಪ್ಪಾದರೆ ಯಾರಿಗೂ ಗೊತ್ತಾಗುವುದಿಲ್ಲ. ಗೂಗಲ್ ಸರ್ವರುಗಳ ಮೇಲೆ ನಡೆದ 2009ರ ಅಧ್ಯಯನದಲ್ಲಿ ವರ್ಷಕ್ಕೆ 8%ಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ದೋಷ ಕಂಡಿತ್ತು. ಪ್ರತಿ ಯಂತ್ರಕ್ಕೂ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ. ಸ್ವಯಂಸೇವಕರ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿಸುವ ಹಲವು ಬೋಯಿಂಕ್ ಯೋಜನೆಗಳು ಒಂದೇ ಲೆಕ್ಕವನ್ನು ಎರಡು ಯಂತ್ರಕ್ಕೆ ಕೊಟ್ಟು ತಾಳೆ ನೋಡುತ್ತವೆ. 16ರಲ್ಲಿ ಒಬ್ಬ ಸದಸ್ಯನನ್ನು ಹಾಗೆ ಎರಡು ಸಲ, ಬೇರೆ ಬೇರೆ ಯಂತ್ರದಲ್ಲಿ ಓಡಿಸಿ. ಅದೇ ಬೈನರಿ, ಅದೇ ಮಾದರಿಯ ಪ್ರೊಸೆಸರ್, ಅದೇ ಪ್ರಕ್ರಿಯೆ ಸಂಖ್ಯೆ ಇದ್ದರೆ ಉತ್ತರ ಸಾಮಾನ್ಯವಾಗಿ ಕೊನೆಯ ಅಂಕಿಯವರೆಗೂ ಒಂದೇ ಬರಬೇಕು. ಬರದಿದ್ದರೆ ಮೊದಲು ಯಂತ್ರಗಳನ್ನು ಅನುಮಾನಿಸಿ.

ಬಂದರು_ಬೈಟ್

ಕ್ಲೌಡಿನ ಪ್ರಶ್ನೆ ಉಳಿದಿದೆ. ಕ್ಲಸ್ಟರ್ ಬಿಟ್ಟು ಹೋಗಬೇಡಿ, ತುರ್ತಿಗೆ ಬಳಸಿ. ಪ್ರಬಂಧದ ಗಡುವು ಹತ್ತಿರ ಬಂದು 100 ಸದಸ್ಯರ ಸಮೂಹ ಬೇಕಾದಾಗ ಅಮೆಜಾನ್‌ನ ಮುಂಬಯಿ ವಲಯದಲ್ಲಿ ಸ್ಪಾಟ್ (ಅವರಲ್ಲಿ ಬಳಕೆಯಾಗದೆ ಉಳಿದ) ಯಂತ್ರ ತೆಗೆದುಕೊಳ್ಳಿ. ದರ ಕಡಿಮೆ, ಆದರೆ ಎರಡು ನಿಮಿಷದ ಸೂಚನೆ ಕೊಟ್ಟು ಕಿತ್ತುಕೊಳ್ಳುತ್ತಾರೆ. ಎನ್‌ಎಫ್‌ಎಸ್‌ಗೆ 5 ನಿಮಿಷ ಬರೆಯುವ ಚೆಕ್‌ಪಾಯಿಂಟ್ ಅಲ್ಲಿ ಕೆಲಸಕ್ಕೆ ಬಾರದು, 20 ಸೆಕೆಂಡಿನದು ಬರುತ್ತದೆ. ಆದರೆ ಯಂತ್ರದ ಒಳಗಿನ ಡಿಸ್ಕೂ ಯಂತ್ರದ ಜೊತೆಗೇ ಹೋಗುತ್ತದೆ, ಹಾಗಾಗಿ ಚೆಕ್‌ಪಾಯಿಂಟನ್ನು ಬೇರೆ ವಾಲ್ಯೂಮಿಗೆ ಬರೆಯಬೇಕು.

ಬಿಲ್ಲಿನಲ್ಲಿ ಹೊರಗೆ ತೆಗೆಯುವ ಡೇಟಾಕ್ಕೂ ದುಡ್ಡು ಉಂಟು. 500 ಜಿಬಿಯನ್ನು 100 ಮೆಗಾಬಿಟ್ ಲೈನಿನಲ್ಲಿ ನಿಮ್ಮ ಲ್ಯಾಬಿಗೆ ಎಳೆಯಲು, ಲೈನ್ ಪೂರ್ತಿ ಸಿಕ್ಕರೂ 11 ಗಂಟೆ. ಮಳೆಯ ಮೊತ್ತ, ಗಾಳಿ, ಒತ್ತಡ ಇಂಥ ಬೇಕಾದ ಚರಗಳನ್ನು ಮಾತ್ರ ಅಲ್ಲೇ ಬೇರ್ಪಡಿಸಿ ತನ್ನಿ.

ಕಟಪಾಡಿ_ಲ್ಯಾಬ್

ಕೊನೆಯದು. ಕರೆಂಟ್ ಬಂದಾಗ 16 ಯಂತ್ರ ಒಟ್ಟಿಗೆ ಎದ್ದು ಎಂಸಿಬಿ ಟ್ರಿಪ್ ಆಗುತ್ತದೆ.

ಮುರಕಲ್ಲು

ಬಯಾಸ್‌ನಲ್ಲಿ "ಕರೆಂಟ್ ಮರಳಿದಾಗ" ಎಂಬ ಆಯ್ಕೆ ಕಂಪ್ಯೂಟ್ ನೋಡುಗಳಿಗೆ ಆಫ್ ಇರಲಿ, ಹೆಡ್ ನೋಡಿಗೆ ಆನ್. ಕರೆಂಟ್ ಬಂದು ಐದು ನಿಮಿಷ ಸ್ಥಿರವಾಗಿದ್ದರೆ ಹೆಡ್ ನೋಡ್ ವೇಕ್ ಆನ್ ಲ್ಯಾನ್ (ನೆಟ್‌ವರ್ಕಿನಿಂದಲೇ ಯಂತ್ರ ಎಬ್ಬಿಸುವ ಸಂದೇಶ) ಮೂಲಕ 20 ಸೆಕೆಂಡಿಗೆ ಒಂದರಂತೆ ಎಬ್ಬಿಸಲಿ. 16ಕ್ಕೆ ಸುಮಾರು ಐದೂವರೆ ನಿಮಿಷ. ಎನ್‌ಎಫ್‌ಎಸ್ ಮೊದಲೇ ಎದ್ದಿರುವುದರಿಂದ ಮೌಂಟ್ ನೇತಾಡುವ ತೊಂದರೆಯೂ ತಪ್ಪುತ್ತದೆ. ಇಆರ್‌ಪಿ ಎಂಬ ವಿದ್ಯುತ್ ಉಳಿತಾಯದ ಆಯ್ಕೆ ಆಫ್ ಮಾಡಿ, ಇಲ್ಲದಿದ್ದರೆ ನೆಟ್‌ವರ್ಕ್ ಕಾರ್ಡೂ ಮಲಗುತ್ತದೆ. ಕೆಲವು ಬೋರ್ಡುಗಳು ಪೂರ್ತಿ ಕರೆಂಟ್ ಹೋಗಿ ಬಂದ ಮೇಲೆ ವೇಕ್ ಸಂದೇಶ ಕೇಳುವುದೇ ಇಲ್ಲ. ಅಂಥವಕ್ಕೆ ಮಾತ್ರ ಬಯಾಸ್ ಆನ್ ಇಟ್ಟು, ಬೇರೆ ಎಂಸಿಬಿಗೆ ಹಂಚಿ.

ಮುಂಗಾರು_ಮಾಡೆಲ್

ಇವೆಲ್ಲ ಆದ ಮೇಲೆ ಮೇ ಮುಗಿಯುವ ಮೊದಲು ಪರೀಕ್ಷೆ ಮಾಡಿ. ಕಡಲ್ಕೊರೆತದ ಸಣ್ಣ ಓಟವೊಂದನ್ನು, ಎರಡು ಗಂಟೆಯದ್ದು, ತಡೆಯಿಲ್ಲದೆ ಓಡಿಸಿ ಉತ್ತರ ಇಟ್ಟುಕೊಳ್ಳಿ. ಅದನ್ನೇ ಮತ್ತೆ ಶುರು ಮಾಡಿ, 30ನೇ ನಿಮಿಷಕ್ಕೆ ಒಂದು ನೋಡಿನ ಪ್ಲಗ್ ಎಳೆಯಿರಿ. ಅದು ಎದ್ದು ಸೇರಿ ಓಟ ಮುಂದುವರಿದ ಮೇಲೆ ಲ್ಯಾಬಿನ ಮೇನ್ ಇಳಿಸಿ. ಮೂರನೆಯ ಸಲ ಚೆಕ್‌ಪಾಯಿಂಟ್ ಬರೆಯುತ್ತಿರುವ ಆ 20 ಸೆಕೆಂಡಿನ ಒಳಗೇ ಇಳಿಸಿ, ಲಾಗ್ ನೋಡುತ್ತಾ. ಮೂರು ಸಲವೂ ಯಾರೂ ಕೈಹಾಕದೆ ಎದ್ದು, ಕೊನೆಯ ಉತ್ತರ ಮೊದಲಿನದಕ್ಕೆ ತಾಳೆಯಾಗಬೇಕು. ಮೇನ್ ಏರಿಸಿದ ಕ್ಷಣದಿಂದ ಮೊದಲ ಹೊಸ ಹೆಜ್ಜೆಯವರೆಗೆ ಎಷ್ಟು ನಿಮಿಷ ಹಿಡಿಯಿತೆಂದು ಇಲ್ಲಿ ಬರೆಯಿರಿ, 15ರ ಒಳಗಿಲ್ಲದಿದ್ದರೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಒಟ್ಟಿಗೆ ನೋಡುವ.